ಕಬ್ಬಿನ ದಾರಿಯಲ್ಲಿ ಒಂದು ಪರೀಕ್ಷೆ

ಉಮಾಶ್ರೀ ಧಾರವಾಡದ ಬಸ್ಸಿಳಿದು ಓಡುತ್ತಲೇ ಮನೆಗೆ ಬಂದಳು. ಚಪ್ಪಲಿ ಒಂದು ಹೊಸ್ತಿಲ ಆಚೆ ಬಿತ್ತು, ಇನ್ನೊಂದು ಈಚೆ.

"ಅವ್ವಾ, ಪರೀಕ್ಷಾ ನಮ್ಮ ಮನ್ಯಾಗ ಬರೀಬಹುದಂತ! ತಾರೀಖೂ ಸಿಕ್ತು!"

ರೊಟ್ಟಿ ಬಡಿಯುತ್ತಿದ್ದ ಶೈಲಜಾ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಮನ್ಯಾಗಂದ್ರ? ಪೇಪರ್ ಕೊಡಾಕ ಮಾಸ್ತರು ಇಲ್ಲಿಗೆ ಬರತಾರೇನು?"

"ಯಾರೂ ಬರಂಗಿಲ್ಲವ್ವ. ಪೇಪರ್ ಕಂಪ್ಯೂಟರಿನ್ಯಾಗ ಬರತೈತಿ. ನಾ ಕಾಪಿ ಹೊಡೀತೇನೇನಂತ ಕ್ಯಾಮೆರಾದಾಗ ಒಬ್ಬರು ನೋಡಕೋಂತ ಕುಂದರತಾರ."

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ಸಾವಿತ್ರೆವ್ವ ತಲೆಯೆತ್ತಿದಳು. "ಎಲ್ಲಿಂದ ನೋಡತಾರ?"

"ಗೊತ್ತಿಲ್ಲ ಆಯಿ. ಯಾವದರ ದೇಶದಿಂದ."

"ಹಂಗಾರ ಸುಣ್ಣಾ ಬಳೀಬೇಕು," ಎಂದಳು ಅಜ್ಜಿ.

ಉಮಾಶ್ರೀ ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಧಾರವಾಡದ ಒಂದು ಕಚೇರಿಯಲ್ಲಿ ಕುಡಿಯುವ ನೀರಿನ ಪೈಪುಗಳ ನಕ್ಷೆ ತೆಗೆಯುವ ಕೆಲಸದಲ್ಲಿದ್ದಳು. ಅವಳು ಕಾಲೇಜು ಸೇರಿದ ವರ್ಷ ಮಲಪ್ರಭೆ ದಂಡೆ ಮೀರಿ ಎಂ.ಕೆ. ಹುಬ್ಬಳ್ಳಿಯ ಅವರ ಹಿತ್ತಲಿನವರೆಗೆ ಬಂದಿತ್ತು. ನೀರು ಇನ್ನೆಷ್ಟು ಏರುತ್ತದೆಂದು ಅಂದು ಯಾರಿಗೂ ಹೇಳಲಾಗಿರಲಿಲ್ಲ. ಅದನ್ನು ಮೊದಲೇ ಲೆಕ್ಕ ಹಾಕುವುದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ಅವಳ ಬೆನ್ನು ಬಿಟ್ಟಿರಲಿಲ್ಲ. ಅದನ್ನೇ ಕಲಿಸುವ ವಿಶ್ವವಿದ್ಯಾಲಯವೊಂದು ನೆದರ್‌ಲ್ಯಾಂಡ್ಸಿನಲ್ಲಿತ್ತು. ಅಲ್ಲಿಗೆ ಅರ್ಜಿ ಹಾಕಲು ಜಿಆರ್‌ಇ ಎಂಬ ಪರೀಕ್ಷೆಯ ಅಂಕ ಬೇಕು. ಅರ್ಜಿಯ ಗಡುವು ಹತ್ತಿರ ಬಂದಿದ್ದರೂ ಬೆಂಗಳೂರಿನ ಕೇಂದ್ರದಲ್ಲಿಯೂ ಜಾಗ ಸಿಕ್ಕಿರಲಿಲ್ಲ. ಇನ್ನು ಮುಂದಿನ ವರ್ಷವೇ ಎಂದುಕೊಂಡಿದ್ದವಳಿಗೆ ಮನೆಯಲ್ಲೇ ಕುಳಿತು ಬರೆಯುವ ದಾರಿಯೂ ಇದೆಯೆಂದು ಅಂದು ತಿಳಿದಿತ್ತು.

ಗಣಿತದ ಹೆದರಿಕೆ ಅವಳಿಗಿರಲಿಲ್ಲ. ಕಾಡುತ್ತಿದ್ದದ್ದು ಇಂಗ್ಲಿಷ್ ಶಬ್ದಗಳು. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದನ್ನು ಸಂಜೆ ಶೈಲಜಾ ಒಪ್ಪಿಸಿಕೊಳ್ಳುತ್ತಿದ್ದಳು. ಹತ್ತನೆಯ ತರಗತಿಯವರೆಗೆ ಓದಿದ ಅವಳು ಅಕ್ಷರ ಕೂಡಿಸಿ ಕೂಡಿಸಿ ಓದುವಳು, ಮಗಳು ಅರ್ಥ ಹೇಳುವಳು, ಅಜ್ಜಿ ಕೇಳುತ್ತಿರುವಳು. ಗ್ಯಾರುಲಸ್ ಎಂದರೆ ಬಿಡುವಿಲ್ಲದೆ ಮಾತಾಡುವವರು ಎಂದು ತಿಳಿದ ದಿನ ಅಜ್ಜಿ ಬತ್ತಿ ಕೆಳಗಿಟ್ಟು, "ನಮ್ಮ ಬಾಯವ್ವ!" ಎಂದುಬಿಟ್ಟಿದ್ದಳು. ಪಕ್ಕದ ಮನೆಯ ಬಾಯವ್ವ ಅಂದಿನಿಂದ ಆ ಮನೆಯಲ್ಲಿ ಗ್ಯಾರುಲಸ್ ಬಾಯವ್ವ ಆದಳು.

ಪರೀಕ್ಷೆಯ ನಿಯಮಗಳನ್ನು ಉಮಾಶ್ರೀ ಊಟಕ್ಕೆ ಕುಳಿತಾಗ ಅಪ್ಪನಿಗೆ ಹೇಳಿದಳು. ಕೋಣೆಯಲ್ಲಿ ಅವಳೊಬ್ಬಳೇ ಇರಬೇಕು. ಬಾಗಿಲು ಮುಚ್ಚಿರಬೇಕು. ನಡುವೆ ಯಾರೂ ಒಳಗೆ ಬರಬಾರದು, ಅವಳು ಏಳಬಾರದು. ಗದ್ದಲ ಇರಬಾರದು.

ಗದ್ದಲ ಎಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಮನೆ ಇದ್ದದ್ದು ಸಕ್ಕರೆ ಕಾರ್ಖಾನೆಗೆ ಹೋಗುವ ದಾರಿಯಲ್ಲಿ. ಕಬ್ಬು ನುರಿಸುವ ಹಂಗಾಮು ಜೋರಾಗಿತ್ತು. ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಇರುವೆಯ ಸಾಲಿನಂತೆ ಬರುತ್ತಿದ್ದವು. ಒಂದೊಂದರಲ್ಲೂ ಚಾಲಕನ ಬೆನ್ನ ಹಿಂದೆ ದೊಡ್ಡ ದೊಡ್ಡ ಸ್ಪೀಕರು. ಹಾಡು ಹಾಯ್ದರೆ ಗೋಡೆಯ ಮಾಡದಲ್ಲಿಟ್ಟ ಲೋಟ ನಡುಗುತ್ತಿತ್ತು.

ಅಪ್ಪ ಅಂದಾನೆಪ್ಪ ಬಾಯಲ್ಲಿದ್ದ ತುತ್ತು ನುಂಗಿ, "ಹಾಡಿನ ಜವಾಬ್ದಾರಿ ನಂದು. ನೀ ಓದಕೋ," ಎಂದ. ಅವನದೂ ಕಬ್ಬಿನದೇ ಬೇಸಾಯ, ಚಾಲಕರಲ್ಲಿ ಅರ್ಧ ಜನ ಗುರುತಿನವರು.

ಗಟ್ಟಿಯಾಗಿ ಮುಚ್ಚುವ ಬಾಗಿಲಿದ್ದದ್ದು ಕಾಳಿನ ಕೋಣೆಗೆ ಮಾತ್ರ. ಅಲ್ಲಿಂದ ಜೋಳದ ಚೀಲಗಳು ಪಡಸಾಲೆಗೆ ಬಂದವು. ಅಜ್ಜಿಯ ಹಾಸಿಗೆಯೂ ಬಂತು. ಅಜ್ಜಿ ನಿಜಕ್ಕೂ ಸುಣ್ಣ ಬಳಿಸಿದಳು. ನೆಟ್ ಹೋದರೆ ಅವ್ವನ ಫೋನಿನ ಹಾಟ್‌ಸ್ಪಾಟಿನಿಂದ ಕೊಡುವುದು ಹೇಗೆಂದು ಉಮಾಶ್ರೀ ಹಿಂದಿನ ದಿನ ಕಲಿಸಿಕೊಟ್ಟಳು. ಶೈಲಜಾ ಅದನ್ನು ಹಚ್ಚಿ ಆರಿಸಿ, ಹಚ್ಚಿ ಆರಿಸಿ, ಮಗಳು ಸಾಕೆನ್ನುವವರೆಗೂ ಬಿಡಲಿಲ್ಲ.

ಪರೀಕ್ಷೆಯ ದಿನ ಹೊತ್ತು ಏರುತ್ತಿದ್ದಂತೆ ಉಮಾಶ್ರೀ ಬಾಗಿಲು ಮುಚ್ಚಿಕೊಂಡು ಕುಳಿತಳು. ಪರದೆಯ ಆಚೆಯಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿ, ಕೋಣೆಯನ್ನು ಸುತ್ತಲೂ ತೋರಿಸಲು ಕೇಳಿದಳು. ಉಮಾಶ್ರೀ ಗೋಡೆ ತೋರಿಸಿದಳು, ಜಂತಿ ತೋರಿಸಿದಳು, ಮೇಜಿನ ಕೆಳಗೆ ತೋರಿಸಿದಳು. ಗೂಟಕ್ಕೆ ನೇತು ಹಾಕಿದ್ದ ಗಂಟಿನಲ್ಲಿ ಏನಿದೆ ಎಂದು ಆ ಹೆಂಗಸು ಕೇಳಿದಳು. ಅದು ಅಜ್ಜಿಯ ಗಂಟು. ಬಿಚ್ಚಿದರೆ ಇಳಕಲ್ ಸೀರೆ, ವಿಭೂತಿ ಗಟ್ಟಿ, ಒಣ ಕೊಬ್ಬರಿಯ ಅರ್ಧ ಹೋಳು. ಆಚೆಯ ಹೆಂಗಸು ನಕ್ಕು ಮುಂದುವರಿಯಲು ಹೇಳಿದಳು. ಉಮಾಶ್ರೀಗೂ ನಗು ಬಂತು.

ಹೊರಗೆ ಅಂದಾನೆಪ್ಪ ತಿರುವಿನಲ್ಲಿ ಕೆಂಪು ಟವೆಲ್ ಹಿಡಿದು ನಿಂತಿದ್ದ. ಮೊದಲ ಟ್ರ್ಯಾಕ್ಟರು ನಿಂತಿತು. ದೊಡವಾಡದ ಕಡೆಯ ಚಾಲಕ ಮಾಳಪ್ಪ ಕೆಳಗೆ ಬಾಗಿ ಕೇಳಿದ, "ಯಾಕ್ರಿ ಕಾಕಾ, ಯಾರರ ತೀರಿಕೊಂಡಾರೇನ್ರಿ?"

"ಬಿಡ್ತು ಅನ್ನಪಾ! ಮಗಳು ಪರೀಕ್ಷಾ ಬರಿಯಾಕತ್ತಾಳ. ಸ್ವಲ್ಪ ಹಾಡ ಬಂದ್ ಮಾಡು."

"ಯಾವ ಸಾಲ್ಯಾಗ್ರಿ?"

"ಇಲ್ಲೇ, ನಮ್ಮ ಮನ್ಯಾಗ."

ಮಾಳಪ್ಪನಿಗೆ ಅರ್ಥವಾಗಲಿಲ್ಲ. ಆದರೂ ಹಾಡು ನಿಲ್ಲಿಸಿದ. ಅಷ್ಟೇ ಅಲ್ಲ, ಹಿಂದೆ ಬರುತ್ತಿದ್ದವರಿಗೆಲ್ಲ ಫೋನು ಹಚ್ಚಿದ. "ಅಂದಾನೆಪ್ಪ ಕಾಕಾನ ಮನಿ ದಾಟೂತನಾ ಸೌಂಡ್ ಬ್ಯಾಡ್ರೋ. ಅಕ್ಕಾರು ಫಾರಿನ್ ಪರೀಕ್ಷಾ ಬರಿಯಾಕತ್ತಾರ!" ಒಂದಾದ ಮೇಲೊಂದು ಟ್ರ್ಯಾಕ್ಟರು ಬಾಯಿ ಮುಚ್ಚಿಕೊಂಡು ಬಂದವು. ಅಂಥ ಮೆರವಣಿಗೆಯನ್ನು ಆ ದಾರಿ ಎಂದೂ ಕಂಡಿರಲಿಲ್ಲ.

ಒಳಗೆ ಉಮಾಶ್ರೀ ಪ್ರಬಂಧ ಮುಗಿಸಿದಳು. ಗಣಿತದ ಮೊದಲ ಭಾಗ ಬಂದಾಗ ಅವಳ ಬೆರಳು ಚುರುಕಾದವು. ಒಂದು ಪ್ರಶ್ನೆ ಬಿಡಿಸುತ್ತಿದ್ದಂತೆ ಇನ್ನೊಂದಕ್ಕೆ ಕೈ ತುರಿಸುತ್ತಿತ್ತು. ಆಮೇಲೆ ಶಬ್ದಗಳ ಭಾಗ. ಗೊತ್ತಿದ್ದವು ಬಂದವು, ಗೊತ್ತಿಲ್ಲದವೂ ಬಂದವು. ಎರಡು ಖಾಲಿ ಜಾಗ ತುಂಬಿ ಮೂರನೆಯದಕ್ಕೆ ಯೋಚಿಸುತ್ತಿದ್ದಾಗ ಪರದೆ ಹಾಗೆಯೇ ನಿಂತುಬಿಟ್ಟಿತು.

ಹೊರಗೆ ಆದದ್ದು ಇಷ್ಟು. ಹಾಡು ನಿಲ್ಲಿಸಲು ಒಬ್ಬ ಚಾಲಕ ಟ್ರ್ಯಾಕ್ಟರನ್ನು ರಸ್ತೆಯ ಅಂಚಿಗೆ ತಂದಿದ್ದ. ಟ್ರೇಲರಿನಲ್ಲಿ ಒಟ್ಟಿದ್ದ ಕಬ್ಬಿನ ತುದಿ ಮೇಲೆ ಹಾಯ್ದ ನೆಟ್ಟಿನ ವಾಯರಿಗೆ ಸಿಕ್ಕಿತು. ಗಾಡಿ ಮುಂದಕ್ಕೆ ಹೊರಟಿತು, ವಾಯರು ಪಟ್ಟನೆ ಹರಿದು ಅಂದಾನೆಪ್ಪನ ಕಾಲ ಬಳಿಯೇ ಬಿತ್ತು. ಮಗಳಿಗೆ ಗದ್ದಲವಾಗಬಾರದೆಂದು ಅವನೇ ನಿಲ್ಲಿಸಿದ ಗಾಡಿ ಅದು. ಅವನು ಹರಿದ ತುದಿಯನ್ನು ಕೈಯಲ್ಲಿ ಹಿಡಿದು, ಏನು ಮಾಡಬೇಕೆಂದು ತೋಚದೆ ಮನೆಯತ್ತ ಓಡಿದ.

"ಶೈಲಾ! ವಾಯರ್ ಹೋತು!" ಕೂಗಲಿಕ್ಕೂ ಇಲ್ಲ, ಸುಮ್ಮನಿರಲಿಕ್ಕೂ ಇಲ್ಲ.

ಶೈಲಜಾ ಫೋನು ತೆಗೆದು ಒತ್ತಿದಳು. ಒಳಮನೆಯಲ್ಲಿ ಸಿಗ್ನಲ್ ಒಂದೇ ಗೆರೆ. ಹಿತ್ತಲಿಗೆ ಓಡಿದಳು. ಕಾಳಿನ ಕೋಣೆಯ ಮುಚ್ಚಿದ ಕಿಟಕಿ ಎತ್ತರದಲ್ಲಿತ್ತು. ಸ್ಟೂಲು ಎಳೆದು, ಹತ್ತಿ, ಫೋನನ್ನು ಕಿಟಕಿಯ ಮೇಲ್ಭಾಗಕ್ಕೆ ಎತ್ತಿ ಹಿಡಿದಳು. ಗೆರೆಗಳು ತುಂಬಿದವು.

ಒಳಗೆ ಉಮಾಶ್ರೀ ಕುರ್ಚಿ ಬಿಟ್ಟು ಕದಲದೆ ಕುಳಿತಿದ್ದಳು. ಅವ್ವ ಮರೆತಳೇನು, ಬಾಗಿಲು ತೆರೆದು ಬಂದುಬಿಟ್ಟಾಳೇನು ಎಂದು ಹೆದರುತ್ತಿದ್ದಾಗ ಪರದೆಯ ಮೂಲೆಯ ಗುರುತು ಬೆಳಗಿತು. ಆ ಹೆಂಗಸಿನ ದನಿ ಮತ್ತೆ ಬಂತು. ಕೋಣೆಯಿಂದ ಹೊರಗೆ ಹೋಗಿದ್ದಿರಾ ಎಂದು ಕೇಳಿದಳು. ಇಲ್ಲ ಎಂದಳು ಉಮಾಶ್ರೀ. ಕೋಣೆಯನ್ನು ಇನ್ನೊಮ್ಮೆ ತೋರಿಸಿದಳು. ಬಿಟ್ಟಲ್ಲಿಂದಲೇ ಪ್ರಶ್ನೆ ತೆರೆದುಕೊಂಡಿತು, ಸಮಯವೂ ಹಾಗೆಯೇ ಉಳಿದಿತ್ತು. ಅವಳಿಗೆ ಎದ್ದು ಕುಣಿಯಬೇಕೆನಿಸಿತು. ಏಳುವಂತಿರಲಿಲ್ಲ.

ಶೈಲಜಾಗೆ ಕೈ ಇಳಿಸಲು ಧೈರ್ಯವಾಗಲಿಲ್ಲ. ತೋಳು ನಡುಗತೊಡಗಿದಾಗ ಪಕ್ಕದ ಹಿತ್ತಲಿನಿಂದ ಬಾಯವ್ವ ಇಣುಕಿದಳು. ಬಾಯಿ ತೆರೆಯುವಷ್ಟರಲ್ಲಿ ಶೈಲಜಾ ಕಣ್ಣಿನಲ್ಲೇ ಬೇಡಿಕೊಂಡಳು. ಬಾಯವ್ವ ಬೇಲಿ ದಾಟಿ ಬಂದು, ಸ್ಟೂಲಿನ ಪಕ್ಕದ ಕಲ್ಲಿನ ಮೇಲೆ ನಿಂತು, ಅವಳ ಮೊಣಕೈಗೆ ತನ್ನ ಎರಡೂ ಕೈ ಆಸರೆ ಕೊಟ್ಟಳು. ಪರೀಕ್ಷೆ ಮುಗಿಯುವವರೆಗೂ ಅವಳ ತುಟಿ ಅಲುಗಲಿಲ್ಲ. ಹಿತ್ತಲ ಬಾಗಿಲಲ್ಲಿ ನಿಂತು ನೋಡಿದ ಸಾವಿತ್ರೆವ್ವ ಆಮೇಲೆ ಅವಳನ್ನು ಗ್ಯಾರುಲಸ್ ಬಾಯವ್ವ ಎಂದು ಕರೆಯಲಿಲ್ಲ.

ಕೊನೆಯ ಪ್ರಶ್ನೆ ಮುಗಿಯಿತು. ಅಂಕ ಉಳಿಸಿಕೊಳ್ಳುತ್ತೀರೋ ರದ್ದು ಮಾಡುತ್ತೀರೋ ಎಂದು ಪರದೆ ಕೇಳಿತು. ಉಮಾಶ್ರೀ ಕಣ್ಣು ಮುಚ್ಚಿ ಉಳಿಸಿಕೊಳ್ಳುವುದನ್ನು ಒತ್ತಿದಳು. ಕಣ್ಣು ತೆರೆದರೆ ಗಣಿತದಲ್ಲಿ ನೂರಾ ಎಪ್ಪತ್ತಕ್ಕೆ ನೂರಾ ಅರವತ್ತೇಳು. ಮನೆಯಲ್ಲಿ ಅಭ್ಯಾಸ ಮಾಡುವಾಗ ನೂರೈವತ್ತೂ ದಾಟದ ಇಂಗ್ಲಿಷಿನಲ್ಲಿ ನೂರೈವತ್ತಾರು. ಎರಡೂ ಬೇಕಾದ್ದಕ್ಕಿಂತ ಹೆಚ್ಚು. ಮತ್ತೊಮ್ಮೆ ಓದಿದಳು. ಅಂಕಿಗಳು ಬದಲಾಗಲಿಲ್ಲ.

ಬಾಗಿಲು ದಡಾರನೆ ತೆರೆದು, "ಅವ್ವಾ! ಆತು! ಆತವ್ವಾ!" ಎಂದು ಅರಚಿದಳು. ಹಿತ್ತಲಲ್ಲಿ ಶೈಲಜಾ ಸ್ಟೂಲಿನಿಂದ ಇಳಿಯಲಾರದೆ ಬಾಯವ್ವನ ಮೇಲೆಯೇ ಜೋತುಬಿದ್ದಳು. ಅಂದಾನೆಪ್ಪ ಹರಿದ ವಾಯರು ಕೈಯಲ್ಲಿ ಹಿಡಿದೇ ಒಳಗೆ ಬಂದ.

"ತಪ್ಪು ನಂದವ್ವಾ, ನಾನ ಗಾಡಿ ನಿಂದರಿಸಿದ್ದು..."

"ಅಪ್ಪಾ, ಪಾಸಾದೆ! ಪಾಸಂದ್ರ ಪಾಸಲ್ಲ, ಭಾರೀ ಬಂದಾವು!"

ಅಂದಾನೆಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ರಸ್ತೆಗೆ ಹೋಗಿ ಕೈಯೆತ್ತಿ ಕೂಗಿದ. ಕಬ್ಬು ಇಳಿಸಿ ಖಾಲಿ ಗಾಡಿಯೊಂದಿಗೆ ಮರಳುತ್ತಿದ್ದ ಮಾಳಪ್ಪ ಅದನ್ನು ಕೇಳಿ, ಮನೆಯ ಎದುರಿಗೇ ನಿಲ್ಲಿಸಿ, ತನ್ನಲ್ಲಿದ್ದ ಅತಿ ಜೋರಿನ ಹಾಡು ಹಚ್ಚಿದ. ಸುಣ್ಣ ಬಳಿದ ಕೋಣೆಯ ಗೋಡೆಯೂ ಅದುರಿತು. ಬಾಯವ್ವ ಅಲ್ಲಿಯವರೆಗೆ ತಡೆದಿದ್ದ ಮಾತೆಲ್ಲ ಒಮ್ಮೆಗೇ ಹೊರಗೆ ಹರಿಯಿತು.

ಅರ್ಜಿ ಆ ವಾರವೇ ಹೋಯಿತು.

ಉತ್ತರ ಬಂದದ್ದು ಬೇಸಿಗೆ ಕಾಲಿಟ್ಟ ಮೇಲೆ, ಒಂದು ಸಂಜೆ, ಧಾರವಾಡದಿಂದ ಬರುವ ತುಂಬಿದ ಬಸ್ಸಿನಲ್ಲಿ. ಕಿತ್ತೂರಿನ್ನೂ ಮುಂದಿತ್ತು. ಫೋನಿನಲ್ಲಿ ಮೊದಲ ಸಾಲು ಓದಿ ಉಮಾಶ್ರೀ ಸೀಟಿನಿಂದ ಎದ್ದು ನಿಂತಳು. ಮತ್ತೆ ಕುಳಿತಳು. ಪ್ರವೇಶ ಸಿಕ್ಕಿತ್ತು, ಶಿಷ್ಯವೇತನದ ಸಮೇತ.

ಪಕ್ಕದಲ್ಲಿ ಪೇರಲ ಬುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ ಹೆಂಗಸು ಗಾಬರಿಯಾಗಿ, "ಏನಾತ ತಂಗಿ?" ಎಂದಳು.

"ಸಾಲಿ ಸಿಕ್ತ್ರಿ! ದೊಡ್ಡ ಸಾಲಿ!"

"ಹೌದಾ? ಹಂಗಾರ ತಗೋ," ಎಂದು ಆ ಹೆಂಗಸು ಆರಿಸಿ ಒಂದು ಹಣ್ಣು ಕೈಯಲ್ಲಿಟ್ಟಳು.

ಮನೆಗೆ ಫೋನು ಹಚ್ಚಿದರೆ ಎತ್ತಿದವಳು ಅಜ್ಜಿ. ಉಮಾಶ್ರೀ ಅಳುತ್ತ ನಗುತ್ತ ಹೇಳಿದ್ದನ್ನೆಲ್ಲ ಕೇಳಿಕೊಂಡು ಸಾವಿತ್ರೆವ್ವ ವಿಚಾರಿಸಿದಳು, "ಆ ಊರಾಗ ಹೊಳಿ ಐತೇನು?"

"ಹೊಳಿ ಐತಿ ಆಯಿ, ಸಮುದ್ರಾನೂ ಐತಿ. ಅಲ್ಲಿ ಸಮುದ್ರ ಮ್ಯಾಲ, ನೆಲಾ ಕೆಳಗ. ಒಡ್ಡು ಕಟ್ಟಿ ನೀರು ತಡದಾರ."

ಅಜ್ಜಿ ಅವಸರದ ದನಿಯಲ್ಲಿ, "ನೀರು ತೆಲಿ ಮ್ಯಾಲ ಇಟಗೊಂಡು ಕುಂತಾರೇನು? ಅಯ್ಯ, ಹಂಗಾರ ಜಲ್ದಿ ಹೋಗವ್ವಾ," ಎಂದಳು. ಹಿಂದೆಯೇ ಶೈಲಜಾಳನ್ನು ಕೂಗಿ ಕರೆಯುವುದು ಕೇಳಿಸಿತು.

ಬಸ್ಸಿನಲ್ಲಿ ಸುದ್ದಿ ಹಿಂದಿನ ಸೀಟಿಗೆ ಹೋಯಿತು, ಅಲ್ಲಿಂದ ಕಂಡಕ್ಟರನಿಗೆ ಮುಟ್ಟಿತು. ಉಮಾಶ್ರೀ ಪೇರಲ ಕಚ್ಚಿದಳು. ಕಿಟಕಿಯ ಆಚೆ ಕೊಯ್ದ ಹೊಲಗಳಲ್ಲಿ ಕೂಳೆ ಕಬ್ಬು ಹಸಿರಾಗಿ ಚಿಗುರುತ್ತಿತ್ತು. ಅವ್ವ ಫೋನಿಗೆ ಬರುವುದನ್ನು ಕಾಯುತ್ತ ಅವಳು ಆ ಪತ್ರವನ್ನು ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು.