ಬಿಳಿ ಬೋರ್ಡಿನ ಜೀಪು

ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಆರೂವರೆಗೆ ಗುಲ್ನಾರ ಸವಣೂರಿನಿಂದ ಜೀಪು ಹೊರಡಿಸುತ್ತಿದ್ದಳು. ಪಕ್ಕದ ಸೀಟಿನಲ್ಲಿ ಅವಳ ತಾಯಿ ರಹಿಮಾಬಿ ಕೂಡುತ್ತಿದ್ದಳು. ಹಿಂದಿನ ಸೀಟಿನಲ್ಲಿ, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಅನಂತ ಮಾಸ್ತರು. ದಾರಿಯಲ್ಲಿ ತಡಸದ ಹತ್ತಿರ ಇಪ್ಪತ್ತಾರು ವರ್ಷದ ತನುಜಾ ಹತ್ತುತ್ತಿದ್ದಳು. ಮೂವರದೂ ಕಿಡ್ನಿ ಕೆಟ್ಟಿತ್ತು. ಸಾಲದ್ದಕ್ಕೆ ಮೂವರ ರಕ್ತದಲ್ಲೂ ಕಾಮಾಲೆಯ ಸೋಂಕು ಸೇರಿಕೊಂಡಿದ್ದರಿಂದ ಅವರಿಗೆ ಬೇರೆಯೇ ಡಯಾಲಿಸಿಸ್ ಮಶೀನು ಬೇಕಾಗಿತ್ತು. ಅಂಥ ಮಶೀನು ಸಿಕ್ಕಿದ್ದು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಮಾತ್ರ.

ಜೀಪು ಗುಲ್ನಾರಳ ತಂದೆ ಖಾದರಸಾಬರದ್ದು. ಮಳೆಗಾಲದಲ್ಲಿ ಎಲೆಬಳ್ಳಿ ತೋಟದ ಎರೆಮಣ್ಣಿನ ದಾರಿಯಿಂದ ಬುಟ್ಟಿಗಳನ್ನು ಹೊರತರಲು ನಾಲ್ಕೂ ಗಾಲಿ ಎಳೆಯುವ ಗಾಡಿಯೇ ಬೇಕೆಂದು ಹಟಹಿಡಿದು ಕೊಂಡಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಗುಲ್ನಾರಳ ಗಂಡನೂ ಇರಲಿಲ್ಲ. ಖಾರದ ಕುರುಕಲು ತಿಂಡಿ ಕರಿದು ಅಂಗಡಿಗಳಿಗೆ ಹಾಕಿ ಅವಳು ತಾಯಿಯನ್ನು ಸಾಕುತ್ತಿದ್ದಳು. ಡೀಸೆಲ್ಲಿಗೆ ಮಾಸ್ತರು ಮತ್ತು ತನುಜಾ ಕೊಡುತ್ತಿದ್ದ ದುಡ್ಡು ಇಲ್ಲದಿದ್ದರೆ ತಾಯಿಯನ್ನೂ ಒಯ್ಯಲು ಆಗುತ್ತಿರಲಿಲ್ಲ.

ಒಂದು ಮಂಗಳವಾರ, ತನುಜಾ ಹತ್ತಿ ಐದು ನಿಮಿಷವೂ ಆಗಿರಲಿಲ್ಲ, ಹೆದ್ದಾರಿಯಲ್ಲಿ ಸಾರಿಗೆ ಇಲಾಖೆಯವರು ಕೈ ಅಡ್ಡ ಹಿಡಿದರು. ಇನ್ಸ್‌ಪೆಕ್ಟರು ಕಿಟಕಿಯೊಳಗೆ ಬಗ್ಗಿ ನೋಡಿದರು.

"ಬಿಳಿ ಬೋರ್ಡಿನ ಗಾಡಿ, ಬಾಡಿಗಿ ಹೊಡ್ಯಾಂಗಿಲ್ಲ. ಇವರೆಲ್ಲಾ ಯಾರು?"

"ನಮ್ಮ ಅಮ್ಮಿ ರೀ. ಹಿಂದಿನವರು ನಮ್ಮ ಓಣಿಯವರು, ಮನೀ ಮಂದಿ ಇದ್ದಂಗ. ದವಾಖಾನಿಗೆ ಹೊಂಟೇವಿ," ಎಂದಳು ಗುಲ್ನಾರ.

ಇನ್ಸ್‌ಪೆಕ್ಟರು ಹಿಂದಿನ ಬಾಗಿಲಿಗೆ ಹೋದರು. "ಯಜಮಾನ್ರ, ನೀವು ಹೇಳ್ರಿ. ರೊಕ್ಕ ಕೊಡ್ತೀರೋ, ಹಂಗ ಬರ್ತೀರೋ?"

ಗುಲ್ನಾರ ಕನ್ನಡಿಯಲ್ಲಿ ಮಾಸ್ತರ ಮುಖವನ್ನೇ ನೋಡುತ್ತಿದ್ದಳು. ಮಾಸ್ತರು ಕನ್ನಡಿ ನೋಡಲಿಲ್ಲ.

"ಕೊಡ್ತೇವಲ್ಲ. ಪ್ರತಿ ಸಲ ಕೊಡ್ತೇವಿ. ಕೊಡಲಾರದ ಹ್ಯಾಂಗ ಕೂಡೋದು? ಆಕೀಗೆ ಡೀಸೆಲ್ ಪುಕ್ಕಟ ಬರ್ತದೇನು?"

ಇನ್ಸ್‌ಪೆಕ್ಟರು ಮೊಬೈಲಿನಲ್ಲಿ ಗಾಡಿಯ ನಂಬರ್ ಒತ್ತಿದರು. ಮಾಲೀಕರ ಹೆಸರು ಕೇಳಿದರು. ಮಾಲೀಕರು ಸತ್ತು ನಾಲ್ಕು ವರ್ಷವಾಗಿದೆ, ಹೆಸರು ಬದಲಿಸಿಲ್ಲ ಎಂದು ತಿಳಿದಾಗ ಅವರ ಮುಖವೂ ಸಪ್ಪಗಾಯಿತು. ಕೆಟ್ಟ ಮನುಷ್ಯನೇನಲ್ಲ. "ಮೊದಲು ಇವರನ್ನ ದವಾಖಾನಿಗೆ ಇಳಿಸ್ರಿ. ನಮ್ಮ ಪೈಕಿ ಒಬ್ಬರು ಜೋಡಿ ಬರ್ತಾರ. ಆಮ್ಯಾಲೆ ಗಾಡಿ ಸ್ಟೇಷನ್ನಿಗೆ ಬರ್ಬೇಕು. ವಾರಸದಾರರ ಹೆಸರಿಗೆ ಆಗೂತನಕ ಬಿಡಾಕ ಬರೂದಿಲ್ಲ. ಮತ್ತ ರೊಕ್ಕಾ ತಗೊಂಡು ಮಂದೀನ ಒಯ್ಯೂದಿದ್ರ ಹಳದಿ ಬೋರ್ಡ್ ಮಾಡಿಸ್ರಿ."

ಆಸ್ಪತ್ರೆಯಲ್ಲಿ ಮಾಸ್ತರನ್ನು ಇಳಿಸುವಾಗ ಗುಲ್ನಾರ, "ಒಂದ ಸುಳ್ಳು, ಮಾಸ್ತರ. ಒಂದ ಒಂದು," ಎಂದಳು.

ಮಾಸ್ತರು ಬಾಗಿಲು ಹಿಡಿದು ನಿಂತರು. "ನನಗ ತಿಳೀಲಿಲ್ಲವಾ. ಕೇಳಿದ ಕೂಡ್ಲೆ ಹೇಳಿಬಿಟ್ಟೆ."  ಗುಲ್ನಾರ ಅವರ ಚೀಲ ತೆಗೆದು ಕೈಗೆ ಕೊಟ್ಟಳು.

ಶುಕ್ರವಾರದಿಂದ ಬಸ್ಸು. ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹೋಗುವಾಗ ಹೇಗೋ ಆಗುತ್ತಿತ್ತು, ಬರುವಾಗ ರಹಿಮಾಬಿಗೆ ನಿಲ್ಲುವ ಶಕ್ತಿಯಿರುತ್ತಿರಲಿಲ್ಲ. ಎರಡು ಸಲ ಬಂಕಾಪುರದಲ್ಲಿ ಇಳಿಸಿ ನೀರು ಚಿಮುಕಿಸಬೇಕಾಯಿತು. ತನುಜಾಳದು ಇನ್ನೂ ಕಷ್ಟ. ಅವಳ ಎಡಗಾಲು ಸಣ್ಣಂದಿನಿಂದಲೂ ಸೋತಿತ್ತು. ಜೀಪಿಗಾದರೆ ಗುಲ್ನಾರ ಕಂಕುಳಿಗೆ ಕೈ ಕೊಟ್ಟು ಹತ್ತಿಸುತ್ತಿದ್ದಳು. ತುಂಬಿದ ಬಸ್ಸಿನ ಮೆಟ್ಟಿಲ ಮೇಲೆ ಅವಳಿಗೆ ಕೈ ಕೊಡುವವರು ಯಾರು?

ಜಿಲ್ಲಾ ಸಾರಿಗೆ ಕಚೇರಿಯ ಎದುರು ಅರ್ಜಿ ಬರೆದುಕೊಡುವ ಅಂಬರೀಶ ಎಂಬವನಿದ್ದ. ಅವನು ಕಾಗದಗಳನ್ನೆಲ್ಲ ನೋಡಿ ಬಿಡಿಸಿ ಹೇಳಿದ. "ಮೊದಲು ನಿಮ್ಮ ಅಪ್ಪನ ಹೆಸರಿಂದ ನಿಮ್ಮ ಹೆಸರಿಗೆ. ಆಮ್ಯಾಲೆ ಬಿಳಿ ನೋಂದಣಿ ರದ್ದು ಮಾಡಿಸಿ ಹಳದಿಗೆ ಅರ್ಜಿ. ಟ್ಯಾಕ್ಸು, ಬ್ಯಾರೆ ಇನ್ಶೂರನ್ಸು, ಪರ್ಮಿಟ್ಟು, ಗಾಡಿ ತಪಾಸಣಿ. ವಾರಸದಾರರು ಎಷ್ಟು ಮಂದಿ?"

"ಅಮ್ಮಿ, ನಾನು, ನನ್ನ ತಮ್ಮ ಇಜಾಜ."

"ಉಳದ ಇಬ್ಬರದೂ ಒಪ್ಪಿಗಿ ಸಹಿ ಬೇಕು."

ಗುಲ್ನಾರ ಕಚೇರಿಯ ಬೇವಿನ ಮರದ ಕೆಳಗೆ ಕೂತು ಬಹಳ ಹೊತ್ತು ಆ ಒಪ್ಪಿಗೆಯ ಕಾಗದ ನೋಡಿದಳು. ಇಜಾಜನೊಂದಿಗೆ ಅವಳು ಮಾತಾಡಿ ಎರಡು ವರ್ಷವಾಗಿತ್ತು. ತಾಯಿಗೆ ಕಿಡ್ನಿ ಕೊಡಲು ಎಲ್ಲ ಪರೀಕ್ಷೆ ಮುಗಿದು, ಅವನದು ಹೊಂದುತ್ತದೆ ಎಂದಾಗಿ, ಆಪರೇಶನ್ನಿನ ದಿನ ಗೊತ್ತಾಗಿತ್ತು. ಆ ದಿನ ಅವನು ಆಸ್ಪತ್ರೆಗೆ ಬರಲಿಲ್ಲ. ಮೊಬೈಲು ಬಂದಾಗಿತ್ತು. ಆಮೇಲೆ ಹಿರೇಕೆರೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಹಾಕಿದ್ದಾನೆಂದು ಯಾರೋ ಹೇಳಿದರು. ಅಷ್ಟರಲ್ಲಿ ರಹಿಮಾಬಿಯ ರಕ್ತದಲ್ಲಿ ಸೋಂಕು ಕಂಡು ಆಪರೇಶನ್ನಿನ ಮಾತೇ ನಿಂತುಹೋಯಿತು. ಅವನ ಹೆಸರನ್ನು ಮನೆಯಲ್ಲಿ ಎತ್ತಬಾರದೆಂದು ಗುಲ್ನಾರಳೇ ಕಟ್ಟುಮಾಡಿದ್ದಳು.

ಅವಳು ಪೆನ್ನು ತೆಗೆದು ಇಜಾಜನ ಸಹಿಯನ್ನು ತಾನೇ ಹಾಕಿದಳು. 'ಜ' ಎರಡೂ ಕಡೆ ಸೊಟ್ಟಗಾಯಿತು.

ಕೌಂಟರಿನ ಹೆಣ್ಣುಮಗಳು ಕಾಗದ ತಿರುವಿ, "ಮೂರೂ ಮಂದಿ ಖುದ್ದ ಬರ್ಬೇಕ್ರಿ ಅಕ್ಕಾರ. ಹೆಬ್ಬೆಟ್ಟು ತಗೋತೇವಿ," ಎಂದಳು. ಸಹಿಯ ಬಗ್ಗೆ ಏನೂ ಅನ್ನಲಿಲ್ಲ. ಆದರೂ ಗುಲ್ನಾರ ಅಲ್ಲಿ ನಿಲ್ಲಲಿಲ್ಲ. ಹೊರಗೆ ಬಂದು ಕಾಗದ ಹರಿದಳು.

ಮರುದಿನ ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಹಿರೇಕೆರೂರಿಗೆ ಹೋದಳು. ಊರ ಹೊರಗೆ ತಗಡಿನ ಚಪ್ಪರ, ಎರಡು ಬಿಚ್ಚಿದ ಟ್ರ್ಯಾಕ್ಟರುಗಳು. ಇಜಾಜ ಅವಳನ್ನು ದೂರದಿಂದಲೇ ನೋಡಿ ಒಂದು ಟ್ರ್ಯಾಕ್ಟರಿನ ಆ ಕಡೆಗೆ ಸರಿದು ಕೂತ. ಅವಳಿಗೆ ಅವನ ಚಪ್ಪಲಿ ಮಾತ್ರ ಕಾಣುತ್ತಿತ್ತು.

"ಕಿಡ್ನಿ ಕೇಳಾಕ ಬಂದಿಲ್ಲ. ಹೊರಗ ಬಾ," ಎಂದಳು.

ಅವನು ಎದ್ದು ಬಂದ. ಗಡ್ಡದಲ್ಲಿ ಅಲ್ಲಲ್ಲಿ ಬಿಳಿ ಕಂಡಿತು, ಮೂವತ್ತಕ್ಕೇ. "ಅಮ್ಮಿ ಹೆಂಗದಾಳ ಆಪಾ?"

"ಮುಖ ಬಾತೈತಿ. ಮಲಗಿದ್ರ ಉಸಿರು ಹತ್ತತೈತಿ ಅಂತ ಗ್ವಾಡಿಗೆ ಒರಗಿ ಕುಂದರ್ತಾಳ. ಜೀಪು ಹಿಡದಾರ. ಬಿಡಿಸಾಕ ನಿನ್ನ ಹೆಬ್ಬೆಟ್ಟು ಬೇಕು."

"ಜೀಪು ನೀನ ಇಟ್ಕೋ. ನನಗೇನೂ ಬ್ಯಾಡ. ಕಾಗದ ಇಲ್ಲಿಗೆ ತಂದ್ರ…"

"ಖುದ್ದ ಬರ್ಬೇಕಂತ. ಅಮ್ಮೀನೂ ಬರ್ತಾಳ."

ಅವನು ತಲೆಯಾಡಿಸಿದ. "ಆಗೂದಿಲ್ಲ. ಆಕಿ ಮುಂದ ಹೆಂಗ ನಿಲ್ಲಲಿ?"

ಬೈಯಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತುಗಳು ಗುಲ್ನಾರಳ ಬಾಯಿಗೆ ಬರಲೇ ಇಲ್ಲ. ಹಳೆಯ ಟೈರಿನ ಮೇಲೆ ಕೂತಳು. "ನಿನ್ನೆ ನಿನ್ನ ಸಹಿ ನಾನ ಮಾಡಿದೆ ಇಜಾಜ. ಸರಕಾರಿ ಕಾಗದದ ಮ್ಯಾಲೆ. ಅಬ್ಬಾನ ಮಗಳು ಕಳ್ಳಿ ಆಗಿ ಕೌಂಟರಿನ ಮುಂದ ನಿಂತಿದ್ದೆ. ಇನ್ನ ನಾ ಏನು ಮಾಡ್ಲಿ, ನೀನ ಹೇಳು. ಮೂರು ಜೀವ ಅದಾವ. ನನ್ನ ಕೈಯಾಗ ಏನೂ ಉಳಿದಿಲ್ಲ."

 ಸೋಮವಾರ ಹನ್ನೊಂದು ಗಂಟೆ ಎಂದು ಹೇಳಿ ಅವಳು ಎದ್ದು ಬಂದಳು.

ಸೋಮವಾರ ತಾಯಿಯನ್ನು ಕಚೇರಿಯ ವರಾಂಡದ ಬೆಂಚಿನ ಮೇಲೆ ಕೂರಿಸಿ ಗುಲ್ನಾರ ಗೇಟಿಗೂ ಬೆಂಚಿಗೂ ಓಡಾಡಿದಳು. ಹನ್ನೊಂದಾಯಿತು, ಹನ್ನೆರಡಾಯಿತು. ಕೌಂಟರಿನವರು ಊಟಕ್ಕೆ ಏಳುವ ಹೊತ್ತಿಗೆ ಇಜಾಜ ಬಂದ. ಗೇಟಿನ ಹೊರಗೆ ಬಹಳ ಹೊತ್ತು ನಿಂತಿದ್ದನೆಂದು ಅಂಬರೀಶ ಆಮೇಲೆ ಹೇಳಿದ.

ರಹಿಮಾಬಿ ಮಗನನ್ನು ಮೇಲಿಂದ ಕೆಳಗೆ ನೋಡಿದಳು. ಪಾದ ಬಾತು ಅವಳ ಚಪ್ಪಲಿ ಕಾಲಿಗೆ ಹಿಡಿಯುತ್ತಿರಲಿಲ್ಲ, ಬದಿಗೆ ಬಿಚ್ಚಿಟ್ಟಿದ್ದಳು. ಇಜಾಜ ಆ ಪಾದಗಳನ್ನು ನೋಡಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

"ಹೆದರಿಕಿ ಆತು ಅಮ್ಮಿ. ಬಸ್ಸು ಹತ್ತಿದ್ದೆ, ನಡುವ ಇಳದೆ."

"ಗೊತ್ತೈತಿ," ಎಂದಳು ರಹಿಮಾಬಿ. "ಅಲ್ಲಿ ಬಿಳೀ ಅಂಗಿ ತೊಡಿಸಿ ಮಲಗಿಸಿದ್ರು ನನ್ನ. ನೀ ಬರಲಿಲ್ಲ ಅಂತ ಹೇಳಿದಾಗ ನನಗ ಜೀವ ಹಗುರ ಆತು, ನಿನ್ನ ಹೊಟ್ಟಿ ಕೊಯ್ಯೂದು ತಪ್ತು ಅಂತ. ಇದನ್ನ ನಿನ್ನ ಅಕ್ಕನ ಮುಂದ ಹೆಂಗ ಹೇಳ್ಲಿ? ಆಕಿ ಅಷ್ಟ ಓಡ್ಯಾಡಿದ್ಲು."

ಗುಲ್ನಾರ ಕಂಬಕ್ಕೆ ಒರಗಿ ನಿಂತು ಇದನ್ನು ಕೇಳಿದಳು.  ಕೌಂಟರಿನವಳು ಕೂಗಿದಳು. ಮೂವರೂ ಒಬ್ಬರ ಹಿಂದೆ ಒಬ್ಬರು ಹೆಬ್ಬೆಟ್ಟು ಒತ್ತಿದರು.

ಗಾಡಿ ಅವಳ ಹೆಸರಿಗಾಯಿತು. ಸ್ಟೇಷನ್ನಿನ ಅಂಗಳದಿಂದ ಮನೆಗೂ ಬಂತು. ಬಿಳಿ ನೋಂದಣಿ ರದ್ದಾಯಿತು, ಹಳೆಯ ಇನ್ಶೂರನ್ಸ್ ಮುಗಿಯಿತು. ಇಜಾಜ ಅಂಗಡಿ ಬಾಗಿಲು ಹಾಕಿ ಬಂದು ವೇಗ ತಡೆಯುವ ಯಂತ್ರ ಕೂಡಿಸಿದ, ತುರ್ತಿಗೆ ಒತ್ತುವ ಗುಂಡಿ ಹಾಕಿಸಿದ, ಬ್ರೇಕು ಬದಲಿಸಿದ. ಗುಲ್ನಾರ ತಪಾಸಣೆಗೆ ಒಯ್ದಳು. ಹಿಂದಿನ ಸೀಟುಗಳು ಎದುರುಬದುರು ಇದ್ದವು. ಬಾಡಿಗೆ ಗಾಡಿಯಲ್ಲಿ ಸೀಟು ಮುಂದೆ ಮುಖ ಮಾಡಿರಬೇಕೆಂದು ವಾಪಸು ಕಳಿಸಿದರು. ಮತ್ತೆ ದಿನ ಸಿಕ್ಕಿದ್ದು ಹತ್ತು ದಿನದ ಮೇಲೆ.

ಆ ಹತ್ತು ದಿನ ಜೀಪು ಬಿಳಿಯೂ ಅಲ್ಲ, ಹಳದಿಯೂ ಅಲ್ಲ. ರಸ್ತೆಗೆ ಇಳಿಯುವಂತೆಯೇ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ತನುಜಾಳ ಫೋನು ಬಂತು. ರಹಿಮಾಬಿ ಮತ್ತು ಮಾಸ್ತರು ಓಣಿಯ ಒಬ್ಬರ ಜೊತೆ ಆಗಲೇ ಬಸ್ಸಿನಲ್ಲಿ ಹೋಗಿದ್ದರು.

"ಗುಲ್ನಾರಕ್ಕಾ, ಎರಡು ಬಸ್ಸು ಬಿಟ್ಟೆ. ಹತ್ತಾಕ ಆಗವಲ್ದು. ಮಂಗಳವಾರನೂ ಹೋಗಿಲ್ಲ ನಾನು. ಎದಿ ಒಂಥರಾ ಆಗಾಕತ್ತೈತಿ. ನೀ ಬರ್ತೀಯೇನು?"

"ಬರ್ತೇನಿ, ಅಲ್ಲೇ ಇರು."

ಅವಳು ಓಡಿಹೋಗಿ ಜೀಪು ಚಾಲೂ ಮಾಡಿದಳು. ಸೀಟು ಬಿಚ್ಚುತ್ತಿದ್ದ ಇಜಾಜ ಬಾಗಿಲಿಗೆ ಅಡ್ಡ ಬಂದ. "ಆಪಾ, ನೋಂದಣಿ ಇಲ್ಲ, ಇನ್ಶೂರನ್ಸ್ ಇಲ್ಲ. ಇವತ್ತ ಹಿಡದ್ರ ಎಲ್ಲಾ ಮೊದಲಿಂದ. ಅಮ್ಮೀನ ಎಷ್ಟು ದಿನ ಬಸ್ಸಿನ್ಯಾಗ ಹಾಕ್ತಿ?"

ಇಂಜಿನ್ ಗುಡುಗುತ್ತಲೇ ಇತ್ತು. ಗುಲ್ನಾರ ಸ್ಟೇರಿಂಗಿನ ಮೇಲೆ ಹಣೆಯಿಟ್ಟಳು. ಆಮೇಲೆ ಕೀಲಿ ತಿರುವಿ ಇಂಜಿನ್ ಬಂದ್ ಮಾಡಿದಳು. ತನುಜಾಳ ಮನೆಗೆ ಫೋನು ಮಾಡಿ ಏನಾದರೂ ಗಾಡಿ ಮಾಡಿಕೊಂಡು ಹೋಗಿರೆಂದು ಅವಳ ತಾಯಿ ವೀರವ್ವನಿಗೆ ಹೇಳಿದಳು. ಶಿಗ್ಗಾಂವಿಯ ಇಬ್ಬರು ಬಾಡಿಗೆಯವರ ನಂಬರೂ ಕೊಟ್ಟಳು. ಒಬ್ಬನು ಫೋನು ಎತ್ತಲಿಲ್ಲ. ಇನ್ನೊಬ್ಬನು ಮದುವೆಗೆ ಹೋಗಿದ್ದ. ಮಧ್ಯಾಹ್ನದ ಹೊತ್ತಿಗೆ ತನುಜಾ, ಈಗ ಸ್ವಲ್ಪ ಬೇಷಿದ್ದೇನೆ, ಮಂಗಳವಾರ ತಪ್ಪದೆ ಹೋಗುತ್ತೇನೆ ಎಂದಳು.

ಭಾನುವಾರ ಮುಂಜಾನೆ ಅವಳು ತೀರಿಕೊಂಡಳು.

ಸೀಟು ಬದಲಾದ ಮೇಲೆ ತಪಾಸಣೆಯಲ್ಲಿ ಗಾಡಿ ಪಾಸಾಯಿತು. ಹಳದಿ ಪ್ಲೇಟು ಬಂದ ದಿನ ಮನೆಯಲ್ಲಿ ಯಾರೂ ಅದರ ಮಾತೆತ್ತಲಿಲ್ಲ. ಇಜಾಜ ತಾನೇ ತಿರುಪು ಬಿಗಿದು, ಇನ್ನು ಪ್ರತಿ ಶುಕ್ರವಾರ ತಾನು ಓಡಿಸುತ್ತೇನೆಂದು ಹೇಳಿ ಹಿರೇಕೆರೂರಿಗೆ ಹೋದ.

ಮೊದಲ ಮಂಗಳವಾರ ತಡಸ ಹತ್ತಿರವಾದಾಗ ಮಾಸ್ತರು, "ಗಾಡಿ ನಿಲ್ಲಸವಾ. ಆಕೀ ತಾಯಿಗೆ ಒಂದು ಮಾತು ಹೇಳಬೇಕಾಗ್ಯದ," ಎಂದರು. ಗುಲ್ನಾರಳಿಗೆ ಬೇಡವಾಗಿತ್ತು. ಆದರೂ ತಿರುಗಿಸಿದಳು.

ವೀರವ್ವ ಕಟ್ಟೆಯ ಮೇಲೆ ಕೂತಿದ್ದಳು. ಒಳಗೆ ತನುಜಾಳ ಹೊಲಿಗೆ ಮಶೀನಿನ ಮೇಲೆ ಅರ್ಧ ಹೊಲಿದ ಜಂಪರು ಹಾಗೇ ಇತ್ತು. ಮಾಸ್ತರು ಕೈಮುಗಿದು, "ನಾನ ತಾಯಿ, ಆವತ್ತು ರೊಕ್ಕ ಕೊಡ್ತೇವಿ ಅಂತ ಹೇಳಿದಾಂವ. ನಾ ಬಾಯಿ ಮುಚ್ಚಿಕೊಂಡಿದ್ದರ ಗಾಡಿ ಹೋಗ್ತಿರಲಿಲ್ಲ," ಎಂದರು.

ವೀರವ್ವ ಅವರನ್ನು ನೋಡಲಿಲ್ಲ, ಗುಲ್ನಾರಳನ್ನು ನೋಡಿದಳು. "ಬರ್ತೇನಿ ಅಂದಿದ್ದೆಲ್ಲವ್ವಾ ನೀನು. ರಸ್ತೆ ನೋಡ್ಕೋಂತ ನಿಂತಿತ್ತು ಹುಡುಗಿ."

"ಚಾಲೂ ಮಾಡಿದ್ದೆ. ಮತ್ತ ಬಂದ್ ಮಾಡಿದೆ, ಯವ್ವಾ," ಎಂದಳು ಗುಲ್ನಾರ. 

 ಜೀಪಿನಲ್ಲಿ ರಹಿಮಾಬಿ ಕೆಮ್ಮಿದ್ದು ಕೇಳಿಸಿತು. "ಹೊತ್ತು ಮಾಡಬ್ಯಾಡ್ರಿ," ಎಂದಳು ವೀರವ್ವ. "ಮಶೀನಿನ ಟೈಮ್ ತಪ್ಪತೈತಿ." ಹಾಗೆಂದು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹುಬ್ಬಳ್ಳಿ ಮುಟ್ಟಿದಾಗ ತಡವಾಗಿತ್ತು. ತನುಜಾ ಮಲಗುತ್ತಿದ್ದ ಹಾಸಿಗೆಯ ಮೇಲೆ ಆಗಲೇ ಬೇರೊಬ್ಬರು, ನಡುವಯಸ್ಸಿನ ಒಬ್ಬ ರೈತ. ಡಯಾಲಿಸಿಸ್ ಮುಗಿದ ಮೇಲೆ ಅವನು ಗೋಡೆ ಹಿಡಿದು ನಡೆಯುತ್ತ ಗುಲ್ನಾರಳ ಹತ್ತಿರ ಬಂದ.

"ನಂದು ಶಿಗ್ಗಾಂವಿ ಬಾಜೂಕ ರೀ. ಬಸ್ಸಿನ್ಯಾಗ ಆಗವಲ್ದು. ನಿಮ್ಮ ಗಾಡ್ಯಾಗ ಒಂದು ಸೀಟು ಐತಿ ಅಂತಾರ, ಖರೇ ಏನ್ರಿ?"

 ಗುಲ್ನಾರ ತಾಯಿಯ ತೋಳಿನ ಪಟ್ಟಿ ಸರಿಮಾಡಿದಳು, ಅವಳ ಶಾಲು ಹೊದಿಸಿದಳು.

"ಬರ್ರಿ," ಎಂದಳು ಆಮೇಲೆ. "ಕೈ ಕೊಡ್ತೇನಿ, ಸಾವಕಾಶ ಹತ್ತರಿ."