ಅಪ್ಪನ ಕಾರಿನ ಬಾನೆಟ್

ಟೇಪಿನ ಸುರುಳಿಯನ್ನು ಕನ್ನಡಿ ಕೈಗೆತ್ತಿಕೊಂಡ, ಮತ್ತೆ ಬೆಂಚಿನ ಮೇಲೇ ಇಟ್ಟ. ಬಾನೆಟ್ಟಿನ ಅಂಚಿಗೆಲ್ಲ ಟೇಪು ಅಂಟಿಸದೆ ಅವನು ಮರಳುಕಾಗದ ಮುಟ್ಟಿದ್ದು ಇಪ್ಪತ್ತೆಂಟು ವರ್ಷಗಳಲ್ಲಿ ಒಂದು ಸಲವೂ ಇಲ್ಲ. ಅಂಚಿನಲ್ಲಿ ಬಣ್ಣ ತೀರಾ ತೆಳು. ಅಲ್ಲಿ ನಾಲ್ಕು ಉಜ್ಜು ಹೆಚ್ಚಾದರೆ ಸಾಕು, ಕೆಳಗಿನ ಬೂದು ಪ್ರೈಮರ್ ಹಲ್ಲು ಕಿರಿಯುತ್ತದೆ. ಕೆಲಸ ಗೊತ್ತಿಲ್ಲದವರು ಮೊದಲ ವಾರದಲ್ಲಿ ಮಾಡುವ ತಪ್ಪು ಅದು. ಇವತ್ತು ಅದನ್ನೇ ಬೇಕೆಂತಲೇ ಮಾಡುವುದೆಂದು ಅವನು ಬೆಳಿಗ್ಗೆ ಹಲ್ಲುಜ್ಜುವಾಗಲೇ ನಿಶ್ಚಯಿಸಿದ್ದ.

ಕನ್ನಡಿ ಅನ್ನುವುದು ಗ್ಯಾರೇಜಿನವರು ಇಟ್ಟ ಹೆಸರು. ಬಿಸಿಲಿಗೆ ಬೆಂದು, ಸುಣ್ಣ ಬಳಿದ ಗೋಡೆಯಂತೆ ಮಂಕಾದ ಯಾವ ಕಾರನ್ನಾದರೂ ನೀರು ಹಾಕಿ ಉಜ್ಜಿ, ಪಾಲಿಶ್ ಹಿಡಿದು, ಮುಖ ನೋಡಿಕೊಳ್ಳುವ ಹಾಗೆ ಮಾಡಿಕೊಡುತ್ತಾನೆ. ಗ್ಯಾರೇಜು ಅವನ ಅಣ್ಣನದು. ಅದರ ಮೇಲಿನ ಒಂದೇ ಕೋಣೆಯಲ್ಲಿ ಕನ್ನಡಿ ಮತ್ತು ಅವನ ಹೆಂಡತಿಯ ಸಂಸಾರ. ಕಿಟಕಿ ತೆರೆದರೆ ಪೇಂಟಿನ ವಾಸನೆ, ಮುಚ್ಚಿದರೆ ಸೆಖೆ. ಕೆಳಗೆ ಕಂಪ್ರೆಸರ್ ಶುರುವಾದರೆ ಮೇಲೆ ಕಪಾಟಿನ ಲೋಟಗಳು ಗಲಗಲ ನಡುಗುತ್ತವೆ, ಹತ್ತೊಂಬತ್ತು ವರ್ಷದಿಂದ. ಇವತ್ತು ಬೆಳಿಗ್ಗೆ ಮಾತ್ರ ಮೇಲೆ ಸದ್ದಿರಲಿಲ್ಲ. ಹೆಂಡತಿ ಲೋಟಗಳನ್ನೆಲ್ಲ ಹಳೇ ಬಟ್ಟೆಯಲ್ಲಿ ಸುತ್ತಿ ರಟ್ಟಿನ ಡಬ್ಬಕ್ಕೆ ತುಂಬಿಬಿಟ್ಟಿದ್ದಳು.

ಅಣ್ಣ ಕೆಟ್ಟವನಾಗಿದ್ದರೆ ಈ ಕಥೆ ಯಾವಾಗಲೋ ಮುಗಿದಿರುತ್ತಿತ್ತು. ಅಪ್ಪ ಸತ್ತಾಗ ಹನ್ನೊಂದು ವರ್ಷದವನಾಗಿದ್ದ ತಮ್ಮನನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗನಂತೆ ಸಾಕಿದವನು ಅವನು. ಒಂದು ದಿನ ಗದರಿದವನಲ್ಲ. ಒಂಬತ್ತು ವರ್ಷದ ಹಿಂದೆ ಕನ್ನಡಿ ಬೇರೆ ಕಡೆ ಕೆಲಸಕ್ಕೆ ಹೋಗುತ್ತೇನೆ ಎಂದಾಗ ಅಣ್ಣ ತಟ್ಟೆಯ ಮುಂದಿನಿಂದ ಎದ್ದ, ಕಣ್ಣು ಒರೆಸಿಕೊಂಡ. ಹೋಗು, ನಾನ್ಯಾಕೆ ಬೇಡ ಅನ್ನಲಿ, ಹೋಗುವ ಮುಂಚೆ ಅಪ್ಪನ ಕಾರನ್ನು ಒಂದು ಸಲ ಚೆನ್ನಾಗಿ ಮಾಡಿಕೊಟ್ಟು ಹೋಗು ಎಂದ. ಅಪ್ಪನ ಕೆಂಪು ಕಾರು ಗ್ಯಾರೇಜಿನ ಮುಂದೆಯೇ ನಿಂತಿರುತ್ತದೆ. ಕನ್ನಡಿ ಎರಡು ವಾರ ಉಜ್ಜಿದ. ಕಾರು ಹೊಳೆಯುವ ಹೊತ್ತಿಗೆ ಹೋಗುವ ಧೈರ್ಯ ಕರಗಿಹೋಗಿತ್ತು. ನಾಲ್ಕು ವರ್ಷದ ಹಿಂದೆಯೂ ಇದೇ ಹಾಡು. ಅಲ್ಲ, ನಲವತ್ತಾರರ ಗಂಡಸಿಗೆ ಹೋಗುತ್ತೇನೆ ಎನ್ನುವ ಒಂದು ಮಾತಿಗೆ ಇನ್ನೆಷ್ಟು ವರ್ಷ ಬೇಕು?

ಈಗ ಮೂರನೆಯ ಸಲ. ಆ ಕಾರಿನದು ಹಳೇ ಕಾಲದ ಬಣ್ಣ, ಮೇಲೆ ಪಾರದರ್ಶಕ ಲೇಪವಿಲ್ಲ. ಉಜ್ಜಿದಷ್ಟೂ ಕೆಂಪು ನೀರಾಗಿ ಹರಿದುಹೋಗುತ್ತದೆ. ಎರಡು ಸಲ ಹರಿದುಹೋಗಿ ಈಗ ಈರುಳ್ಳಿ ಸಿಪ್ಪೆಯಷ್ಟು ಉಳಿದಿತ್ತು. ಅದು ಗೊತ್ತಿದ್ದದ್ದು ಕನ್ನಡಿಗೊಬ್ಬನಿಗೇ.

ಈ ಸಲ ಕರೆದದ್ದು ಹಳೇ ಕಾರುಗಳ ವರ್ಕ್‌ಶಾಪ್ ನಡೆಸುವ ಒಬ್ಬಾಕೆ. ಇಲ್ಲಿಂದ ರೈಲಿನಲ್ಲಿ ಐದು ಗಂಟೆಯ ದಾರಿ. ಒಮ್ಮೆ ನೀಲಿ ಕಾರೊಂದನ್ನು ತಂದಾಗ, ಕನ್ನಡಿ ತನ್ನ ಪದ್ಧತಿಯಂತೆ ಬಾನೆಟ್ಟಿನ ನಡುವೆ ಟೇಪು ಎಳೆದು ಅರ್ಧ ಮಾತ್ರ ಮುಗಿಸಿ ತೋರಿಸಿದ್ದ. ಆಕೆ ಕಣ್ಣು ಮುಚ್ಚಿಕೊಂಡು ಎರಡೂ ಕಡೆ ಅಂಗೈ ಆಡಿಸಿದಳು, ಏನೂ ಹೇಳದೆ ಹೋದಳು, ತಿಂಗಳಾದ ಮೇಲೆ ಫೋನ್ ಮಾಡಿದಳು. ಒಳ್ಳೆ ಬೆಳಕಿರುವ ಶೆಡ್ಡು, ಅದರ ಹಿಂದೆ ಇವರಿಗೆ ಎರಡು ಕೋಣೆಯ ಮನೆ. ಬಟ್ಟೆ ಒಣಗಿಸುವ ಹಗ್ಗ ಎಲ್ಲಿ ಕಟ್ಟಬೇಕೆಂದು ಹೆಂಡತಿ ನೋಡದ ಮನೆಯಲ್ಲೇ ಜಾಗ ಗುರುತು ಮಾಡಿಕೊಂಡಿದ್ದಳು. ಸೋಮವಾರ ಹೊರಡಬೇಕು. ಅಣ್ಣನಿಗೆ ಹೇಳಿಯಾಗಿತ್ತು. ಅಣ್ಣ ಆಕೆಯ ನಂಬರನ್ನೂ ಬರೆದುಕೊಂಡು, ಕಣ್ಣು ತುಂಬಿಕೊಂಡು, ಅಪ್ಪನ ಕಾರಿನ ಮಾತೆತ್ತಿದ್ದ.

ಅವತ್ತು ಹೆಂಡತಿ ರೇಗಿಹೋಗಿದ್ದಳು. "ನಿಮ್ಮ ಹಣೆಬರಹವೇ ಇಷ್ಟು. ಅವರು ಒಂದ್ಸಲ ಚೆನ್ನಾಗಿ ಉಗಿದು ಆಚೆಗೆ ಹಾಕಿದ್ರೆ ಮಾತ್ರ ನಾವು ಇಲ್ಲಿಂದ ಹೋಗೋದು" ಎಂದಿದ್ದಳು. ಸಿಟ್ಟಿನಲ್ಲಿ ಆಡಿದ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ಅಣ್ಣನಿಗೆ ಎದುರಾಡಲು ಬಾಯಿ ಬರದು, ಸರಿ. ಅಣ್ಣನೇ ಹೊರಗೆ ತಳ್ಳುವಂತೆ ಮಾಡಬಹುದಲ್ಲ.

ಕಾಗದವನ್ನು ಬಕೆಟ್ಟಿನಲ್ಲಿ ಅದ್ದಿ ಉಜ್ಜತೊಡಗಿದ. ಎಡಗೈ ನೀರು ಸುರಿಯುತ್ತಿತ್ತು, ಬಲಗೈ ಹೋಗಿ ಬಂದು ಮಾಡುತ್ತಿತ್ತು. ಅಂಚಿನ ಹತ್ತಿರ ಬಂದಾಗಲೆಲ್ಲ ಕೈ ತಾನಾಗಿಯೇ ಹಗುರಾಗಿ ಸಪಾಟು ಭಾಗಕ್ಕೆ ತಿರುಗುತ್ತಿತ್ತು. ಎಷ್ಟು ಗಟ್ಟಿ ಮನಸ್ಸು ಮಾಡಿದರೂ ಅಷ್ಟೇ. ವೆಲ್ಡಿಂಗಿನವನು ಪಕ್ಕದಲ್ಲಿ ಹಾದುಹೋಗುತ್ತಾ, "ಏನ್ ಕನ್ನಡಿ, ಇವತ್ತು ಟೇಪಿಗೆ ರಜಾನಾ?" ಎಂದು ನಕ್ಕ. ಕನ್ನಡಿ ಉಜ್ಜುವ ರಬ್ಬರ್ ತುಂಡನ್ನು ಪಕ್ಕಕ್ಕೆಸೆದು, ಕಾಗದವನ್ನು ಬರಿ ಬೆರಳಿಗೆ ಸುತ್ತಿ, ಅಂಚಿನ ಮೇಲಿಟ್ಟು ಒತ್ತಿದ. ಕೆಂಪು ನೀರು ಇಳಿಯಿತು. ಮತ್ತೆ ಕೆಂಪು. ಆಮೇಲೆ ಬೂದು.

ಕಡಲೆ ಗಾತ್ರದ ಚುಕ್ಕೆ ಅಣ್ಣನ ಕಣ್ಣಿಗೆ ಬೀಳದೆ ಹೋದೀತೆಂದು ಹಲ್ಲು ಕಚ್ಚಿ ಇನ್ನೂ ಉಜ್ಜಿ ಅಂಗೈ ಅಗಲ ಮಾಡಿದ. ಚಿಕ್ಕವನಿದ್ದಾಗ ಅಪ್ಪ ಅವನನ್ನು ಎತ್ತಿ ಕೂರಿಸುತ್ತಿದ್ದದ್ದು ಇದೇ ಬಾನೆಟ್ಟಿನ ಮೇಲೆ. ಕೆಲಸ ಮುಗಿದಾಗ ಅವನಿಗೆ ಅಳು ಬಂದಿತ್ತು.

ಅಣ್ಣ ಬಂದ, ನೋಡಿದ. ಬೈಗುಳ ಬರಲೆಂದು ಕನ್ನಡಿ ಕಾದ. ಅಣ್ಣ ಬೂದು ಕಲೆಯನ್ನು ಒಂದು ಬೆರಳಿನಿಂದ ಸವರಿದ. ಆಮೇಲೆ ತಮ್ಮನ ಒದ್ದೆ ಕೈಯನ್ನು ಹಿಡಿದುಕೊಂಡು ಮಗುಚಿ ನೋಡಿದ. ಆ ಕೈ ನಡುಗುತ್ತಿತ್ತು.

"ಯಾವಾಗಿಂದ ಹೀಗೆ?" ಎಂದ ಅಣ್ಣ. "ನನ್ಹತ್ರ ಒಂದು ಮಾತು ಹೇಳಬಾರ್ದಿತ್ತಾ?"

"ನಾನು ಬೇಕಂತಲೇ ಮಾಡಿದ್ದು, ಅಣ್ಣ."

ಅವನ ಜೀವಮಾನದಲ್ಲೇ ಅಷ್ಟು ಧೈರ್ಯದ ಮಾತನ್ನು ಅವನು ಆಡಿರಲಿಲ್ಲ. ಅಣ್ಣ ತಲೆಯಾಡಿಸಿದ. "ಹುಚ್ಚಪ್ಪ. ಅಪ್ಪನ ಕಾರನ್ನ ನೀನು ಬೇಕಂತ ಕೆಡಿಸ್ತೀಯಾ? ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ."

ಅಷ್ಟರಲ್ಲಿ ಫೋನ್ ತೆಗೆದು ಆ ವರ್ಕ್‌ಶಾಪಿನಾಕೆಗೆ ಮಾಡಿಯೂ ಬಿಟ್ಟ. ನಿಜವಾದ ಕಾಳಜಿಯಿಂದಲೇ ಮಾತಾಡಿದ. ತಮ್ಮನ ಕೈ ಸೋತಿದೆ, ಮನೆಯ ಕಾರಿನ ಬಣ್ಣವನ್ನೇ ಕಿತ್ತುಹಾಕಿದ್ದಾನೆ, ನಿಮ್ಮಲ್ಲಿಗೆ ಬರುವ ಕಾರುಗಳೇನು ಸಾಮಾನ್ಯವೇ, ನಾಳೆ ನಿಮಗೆ ತೊಂದರೆಯಾಗಬಾರದು. ಆಕೆ ಏನೋ ಕೇಳಿದಳು. ಅಣ್ಣ ಫೋನನ್ನು ಕನ್ನಡಿಯ ಕಿವಿಗೆ ಹಿಡಿದ.

"ನಿಮ್ಮಣ್ಣ ಹೇಳಿದ್ದು ನಾನು ನಂಬಲ್ಲ" ಎಂದಳು ಆಕೆ. "ಒಂದೇ ಮಾತು ಹೇಳಿ. ಅಂಚಿಗೆ ಟೇಪ್ ಹಾಕಿದ್ರಾ?"

ಹಾಕಿದ್ದೆ ಅಂದಿದ್ದರೆ ಆಕೆಯ ಅನುಮಾನ ಅಲ್ಲಿಗೆ ಮುಗಿಯುತ್ತಿತ್ತು. ಹಳೇ ಬಣ್ಣ, ತೆಳುವಾಗಿತ್ತು, ಹೋಯಿತು, ಯಾರ ಕೈಯಲ್ಲಾದರೂ ಹೋಗುತ್ತದೆ. ಬೇಕಂತಲೇ ಕೆಡಿಸಿದೆ ಅನ್ನುವಂತಿಲ್ಲ. ಬಣ್ಣವನ್ನು ಬೇಕಂತ ಕೆಡಿಸುವವನನ್ನು ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ? ಹಾಕಿದ್ದೆ ಎಂಬ ಸುಳ್ಳೊಂದೇ ಬಾಗಿಲು. ಬೆಂಚಿನ ಮೇಲೆ ಟೇಪಿನ ಸುರುಳಿ ಹಾಗೇ ಕೂತಿತ್ತು. ಕೆಲಸದ ವಿಷಯದಲ್ಲಿ ಅವನು ಎಂದೂ ಸುಳ್ಳು ಹೇಳಿದವನಲ್ಲ, ಆ ನಾಲಿಗೆಗೆ ಅಭ್ಯಾಸವಿರಲಿಲ್ಲ.

"ಇಲ್ಲ" ಎಂದ.

"ಸರಿ, ಹಾಗಾದ್ರೆ ಸೋಮವಾರ ಬರೋದು ಬೇಡ" ಎಂದಳು ಆಕೆ. ಫೋನ್ ಕಟ್ಟಾಯಿತು.

ಅಣ್ಣ ತಮ್ಮನ ಬೆನ್ನು ಸವರಿದ. ಎಲ್ಲಿಗೂ ಹೋಗುವುದು ಬೇಡ, ನಾನಿರುವಾಗ ನಿನಗೇನು ಕಡಿಮೆ, ಬಾನೆಟ್ಟನ್ನು ಬುಡದಿಂದ ಕೆರೆದು ಹೊಸ ಬಣ್ಣ ಹಾಕೋಣ, ಕೈ ನಡುಗಿದ ದಿನ ಕೂತು ಮಾಡು, ಅವಸರವೇನೂ ಇಲ್ಲ ಎಂದ. ಅವನ ಕಣ್ಣಿನಲ್ಲಿ ನಿಜಕ್ಕೂ ನೀರಿತ್ತು. ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಹೆಂಡತಿ ಒಳಗೆ ಹೋದಳು. ರಟ್ಟಿನ ಡಬ್ಬ ಎಳೆಯುವ ಸದ್ದಾಯಿತು.

ಕನ್ನಡಿ ಟೇಪು ತೆಗೆದುಕೊಂಡು ಬಾನೆಟ್ಟಿನ ಉಳಿದ ಅಂಚುಗಳಿಗೆ ಅಂಟಿಸುತ್ತಾ ಬಂದ. ಎಲ್ಲೂ ಒಂದು ಸುಕ್ಕಿರಲಿಲ್ಲ, ಕೈಯೂ ನಡುಗಲಿಲ್ಲ. ವೆಲ್ಡಿಂಗಿನವನು ಕಂಪ್ರೆಸರ್ ಹಾಕಿದ. ಅದು ಎರಡು ಸಲ ಕೆಮ್ಮಿ ಓಡತೊಡಗಿತು.

ಮೇಲೆ, ಕಪಾಟಿನಲ್ಲಿ, ಮೊದಲು ಒಂದು ಲೋಟ ನಡುಗಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಸೇರಿಕೊಂಡಿತು.