ಕೊನೆಯ ಹದಿನಾರು ಪುಟ

ನೈರೋಬಿಯ ಕನ್ನಡಿಗರಲ್ಲಿ ಪುಸ್ತಕದ ಹುಚ್ಚು ಹತ್ತಿದವರು ಎಣಿಸಿದರೆ ಹತ್ತು ಜನ. ಆ ಹತ್ತು ಜನಕ್ಕೂ ಒಂದೇ ಕಾನೂನು, ಅದನ್ನು ಮಾಡಿದವರು ಮಹಾಬಲೇಶ್ವರ. ಊರಿಗೆ ಹೋದವರು ವಾಪಸು ಬರುವಾಗ ಸೂಟ್‌ಕೇಸಿನಲ್ಲಿ ಎರಡಾದರೂ ಕನ್ನಡ ಪುಸ್ತಕ ತರಬೇಕು. ಉಪ್ಪಿನಕಾಯಿ ಬಿಟ್ಟು ಬಂದರೆ ಕ್ಷಮೆಯುಂಟು, ಪುಸ್ತಕ ಬಿಟ್ಟು ಬಂದರೆ ಇಲ್ಲ. ಓದಿ ಮುಗಿಸಿದವರು ಹಿಂದಿನ ರಟ್ಟಿನ ಒಳಮೈಯಲ್ಲಿ ಸಹಿ, ತಾರೀಕು ಹಾಕಿ ಮುಂದಿನವರಿಗೆ ದಾಟಿಸಬೇಕು. ತಿಂಗಳ ಕೊನೆಯ ಭಾನುವಾರ ಲಂಗಾಟಾದಲ್ಲಿ ವಸುಂಧರಾ ಮನೆಗೆ ಎಲ್ಲರೂ ಬರಬೇಕು. ಅಲ್ಲಿ ಒಬ್ಬೊಬ್ಬರಿಗೂ ಮಹಾಬಲೇಶ್ವರರು ಕೇಳುವ ಪ್ರಶ್ನೆ ಒಂದೇ: "ಈಗ ಏನು ಓದ್ತಾ ಇದೀರಿ?" ಕೊನೆಯ ಪುಟ ಮುಟ್ಟದವರು ಆ ಪುಸ್ತಕದ ಬಗ್ಗೆ ಬಾಯಿ ತೆರೆಯುವಂತಿಲ್ಲ.

ಔಷಧ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಕ್ವಾಲಿಟಿ ಮ್ಯಾನೇಜರ್ ಆಗಿದ್ದ ಮನುಷ್ಯ. ತಾನೇ ಪರೀಕ್ಷಿಸದೆ ಒಂದು ಮಾತ್ರೆಯ ಡಬ್ಬಿಗೂ ಸಹಿ ಹಾಕಿದವರಲ್ಲ. ನೋಡದೆ ಸಹಿ ಹಾಕುವುದು ಕಳ್ಳತನಕ್ಕಿಂತ ಕೆಟ್ಟದ್ದು ಎಂದು ಕೈಕೆಳಗಿನವರಿಗೆ ಹೇಳಿ ಹೇಳಿ, ನಿವೃತ್ತರಾಗಿ ನ್ಗಾರಾದ ಫ್ಲ್ಯಾಟಿನಲ್ಲಿ ಕೂತ ಮೇಲೂ ಆ ಚಾಳಿ ಬಿಟ್ಟಿರಲಿಲ್ಲ.

ಹಾಗಾಗಿ ಬಣ್ಣದ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿ ಬಂದ ಚಿನ್ಮಯಿ ಎಂಬ ಹುಡುಗಿ ಮೊದಲ ದಿನವೇ ಅವರ ಕೈಗೆ ಸಿಕ್ಕಿಬಿದ್ದಳು. ಬೆಳಿಗ್ಗೆ ಸಂಜೆ ಮಟಾಟು ವ್ಯಾನುಗಳ ಹಿಂದೆ ಕಾರು ನಿಲ್ಲಿಸಿಕೊಂಡು ಕೂರಬೇಕಲ್ಲ, ಆಗ ಫೋನಿನಲ್ಲಿ ಪುಸ್ತಕ ಕೇಳುತ್ತೇನೆ, ತಿಂಗಳಿಗೆ ಮೂರಾದರೂ ಮುಗಿಯುತ್ತವೆ ಎಂದು ಖುಷಿಯಿಂದ ಹೇಳಿಕೊಂಡಳು. "ಕೇಳಿದ್ದು ಓದಲ್ಲಮ್ಮ," ಎಂದರು ಮಹಾಬಲೇಶ್ವರ. "ಅದು ಹರಿಕಥೆ. ಇಲ್ಲಿ ಕಣ್ಣಲ್ಲಿ ಓದಿದ್ದಕ್ಕೆ ಮಾತ್ರ ಸಹಿ." ಹುಡುಗಿಯ ಮುಖ ಚಿಕ್ಕದಾಯಿತು. ಮುಂದಿನ ತಿಂಗಳಿಂದ ಕಾಗದದ ಪುಸ್ತಕವನ್ನೇ ಹಿಡಿದು ಬಂದಳು.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಆರು ತಿಂಗಳೊಳಗೆ ಮಹಾಬಲೇಶ್ವರರ ದೃಷ್ಟಿಯ ನಡುವೆ ಮಸಿ ಮೆತ್ತಿದಂಥ ಒಂದು ಚುಕ್ಕೆ ಕಾಣಿಸಿಕೊಂಡಿತು. ಬರಬರುತ್ತ ಅದು ರೂಪಾಯಿಯಗಲ ಆಯಿತು. ಸುತ್ತಲಿನದೆಲ್ಲ ಕಾಣುತ್ತಿತ್ತು; ಏನನ್ನು ನೋಡಬೇಕೆಂದು ದೃಷ್ಟಿ ಇಡುತ್ತಾರೋ ಅದೊಂದು ಕಾಣುತ್ತಿರಲಿಲ್ಲ. ಹೋದದ್ದು ಇನ್ನು ವಾಪಸು ಬರುವುದಿಲ್ಲ ಎಂದರು ಡಾಕ್ಟರು. ಓದಿಲ್ಲದ ಮಹಾಬಲೇಶ್ವರ ಎಂದರೆ ಯಾರು, ಆ ಹತ್ತು ಜನರ ನಡುವೆ ಅವನಿಗೇನು ಕೆಲಸ ಎಂದು ಅವರಿಗೇ ತಿಳಿಯಲಿಲ್ಲ. ಹೆದರಿದರು. ಹೆದರಿದ್ದನ್ನು ಹೆಂಡತಿ ರುಕ್ಮಿಣಿಯ ಹೊರತು ಯಾರಿಗೂ ತೋರಿಸಿಕೊಳ್ಳಲಿಲ್ಲ.

ಪೂರ್ತಿ ಓದಿ ಹೇಳುತ್ತೇನೆ ಎಂದರು ರುಕ್ಮಿಣಿ. ಕೇಳಿದ್ದು ಓದಲ್ಲ ಎಂದು ಊರಿಗೆಲ್ಲ ಸಾರಿದವರು ಹೆಂಡತಿ ಓದಿದ್ದನ್ನು ಕೇಳಿ ಸಹಿ ಹಾಕುವುದುಂಟೆ? ಕೊನೆಗೆ ತಾವೇ ಒಂದು ದಾರಿ ಕಂಡುಕೊಂಡರು, ಅದು ಇನ್ನೂ ಕೆಟ್ಟ ದಾರಿ. ಮುನ್ನುಡಿ, ಬೆನ್ನುಡಿ ಎರಡನ್ನು ಮಾತ್ರ ಓದಿಸಿಕೊಂಡು, ಉಳಿದದ್ದನ್ನು ಐವತ್ತು ವರ್ಷದ ಅನುಭವದಿಂದ ತುಂಬಿಸಿ, ಭಾನುವಾರ ನಿರರ್ಗಳವಾಗಿ ಮಾತಾಡುತ್ತಿದ್ದರು. ಐದು ತಿಂಗಳು ಯಾರಿಗೂ ಅನುಮಾನ ಬರಲಿಲ್ಲ.

ಆರನೆಯ ತಿಂಗಳು ಅವರ ಪಾಲಿಗೆ ಬಂದದ್ದು ಒಬ್ಬ ನೇಕಾರ ಹೆಂಗಸಿನ ಕಾದಂಬರಿ. ಗುಂಪಿನ ಶರ್ಮಿಳಾ ಮೈಸೂರಿನಿಂದ ತಂದದ್ದು, ಇನ್ನೂ ಯಾರೂ ತೆರೆದಿರಲಿಲ್ಲ. ಅಂತ್ಯವಂತೂ ಓದುಗರನ್ನು ಬಹಳ ದಿನ ಕಾಡುತ್ತದೆ ಎಂದು ಮುನ್ನುಡಿಯಲ್ಲಿತ್ತು. ಸಾಕಲ್ಲ. ಆ ಭಾನುವಾರ ಮಹಾಬಲೇಶ್ವರರು ಕೊನೆಯ ಹತ್ತು ಪುಟವನ್ನು ಎರಡೆರಡು ಸಲ ಓದಿದೆ ಎಂದರು. ಹೆಂಗಸು ತನ್ನ ಮಗ್ಗವನ್ನು ಸೊಸೆಗೆ ಬಿಟ್ಟುಕೊಟ್ಟು, ಪಕ್ಕದಲ್ಲಿ ಕೂತು ಅದರ ಸದ್ದು ಆಲಿಸುವ ಚಿತ್ರವನ್ನು ತಾವೇ ಕಟ್ಟಿ ಹೇಳಿದರು. ಕೇಳಿದವರ ಕಣ್ಣು ಒದ್ದೆಯಾಯಿತು. ಸಹಿ ಹಾಕಿ ಪುಸ್ತಕವನ್ನು ಚಿನ್ಮಯಿಗೆ ದಾಟಿಸಿದರು.

ಮುಂದಿನ ತಿಂಗಳು ಅವಳ ಸರದಿ ಬಂದಾಗ ಎಂದಿನ ಪ್ರಶ್ನೆ ಕೇಳಿದರು. ಚಿನ್ಮಯಿ ಮಡಿಲಲ್ಲಿದ್ದ ಪುಸ್ತಕವನ್ನು ಮುಚ್ಚಿದಳು. ಆಮೇಲೆ, ಕೆಲಸ ಜಾಸ್ತಿ ಇತ್ತು, ಮುಗಿಸಲಾಗಲಿಲ್ಲ ಎಂದಳು.

"ತಿಂಗಳು ಪೂರ್ತಿ ಇಟ್ಕೊಂಡು ಒಂದು ಪುಸ್ತಕ ಮುಗಿಸೋಕಾಗಲಿಲ್ವಾ? ಕಿವಿಗೆ ಫೋನು ಸಿಕ್ಕಿಸ್ಕೊಂಡ್ರೆ ಅಭ್ಯಾಸ ಹೀಗೇ ಕೆಡೋದು," ಎಂದರು ಮಹಾಬಲೇಶ್ವರ, ಎಲ್ಲರೆದುರು. ಹುಡುಗಿ ಒಂದು ಮಾತೂ ಎದುರಾಡದೆ ತಲೆ ತಗ್ಗಿಸಿದಳು. ಹೊರಡುವಾಗ ಮಾತ್ರ ಅವರನ್ನು ಗೇಟಿನ ಬಳಿ ನಿಲ್ಲಿಸಿ ಪುಸ್ತಕವನ್ನು ಕೈಯಲ್ಲಿಟ್ಟಳು. "ಅಂಕಲ್, ಇದು ನಿಮ್ಮ ಹತ್ರಾನೇ ಇರ್ಲಿ. ಪ್ಲೀಸ್, ಬೇರೆ ಯಾರಿಗೂ ಕೊಡ್ಬೇಡಿ."

ಮಾತು ವಿಚಿತ್ರವಾಗಿತ್ತು. ಮನೆಗೆ ಬಂದವರೇ ಕೊನೆಯ ಪುಟಗಳನ್ನು ಓದು ಎಂದು ರುಕ್ಮಿಣಿಯ ಕೈಗೆ ಕೊಟ್ಟರು. ರುಕ್ಮಿಣಿ ಕನ್ನಡಕ ಏರಿಸಿ ಓದತೊಡಗಿದರು: "ಜೇನುಪೆಟ್ಟಿಗೆಯನ್ನು ನೆರಳಿರುವ ಕಡೆ, ನೆಲದಿಂದ ಎರಡು ಅಡಿ ಎತ್ತರದಲ್ಲಿ ಇಡತಕ್ಕದ್ದು. ಇರುವೆ ಹತ್ತದಂತೆ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡತಕ್ಕದ್ದು."

ನೇಕಾರ ಹೆಂಗಸು ಮುಪ್ಪಿನಲ್ಲಿ ಜೇನು ಸಾಕಿದಳೇ ಎಂದು ಮಹಾಬಲೇಶ್ವರರು ಒಂದು ಗಳಿಗೆ ಯೋಚಿಸಿದ್ದು ನಿಜ. ರುಕ್ಮಿಣಿ ಹಿಂದೆ ಮುಂದೆ ತಿರುವಿ ನೋಡಿದರು. ಬೈಂಡಿಂಗಿನಲ್ಲಿ ಎಡವಟ್ಟಾಗಿ, ಕೊನೆಯ ಹದಿನಾರು ಪುಟಗಳ ಬದಲು ಜೇನು ಸಾಕಾಣಿಕೆಯ ಯಾವುದೋ ಪುಸ್ತಕದ ಹದಿನಾರು ಪುಟ ಹೊಲಿದುಬಿಟ್ಟಿದ್ದರು. ಅದರ ಎದುರು ಪುಟದಲ್ಲೇ, ರಟ್ಟಿನ ಮೇಲೆ, ಮಹಾಬಲೇಶ್ವರರ ದಪ್ಪ ಸಹಿ.

"ಆ ಮಗು ಎಲ್ಲಾ ನೋಡಿದಾಳೆ ರೀ," ಎಂದರು ರುಕ್ಮಿಣಿ. "ನಿಮ್ಮ ಮರ್ಯಾದೆ ಉಳಿಸೋಕೆ ತಾನು ಬೈಸ್ಕೊಂಡ್ಲು."

ಮಹಾಬಲೇಶ್ವರರು ಪುಸ್ತಕವನ್ನು ಬೀರುವಿನೊಳಗೆ ಇಟ್ಟರು. ನಾಚಿಕೆಯಾಗಿತ್ತು. ಆದರೂ ಮನಸ್ಸು ಎಂಥ ಕಪಿ ನೋಡಿ: ಗೊತ್ತಿರುವುದು ಅವಳೊಬ್ಬಳಿಗೆ, ಅವಳು ಬಾಯಿ ಬಿಡುವವಳಲ್ಲ, ಪುಸ್ತಕ ಬೀರುವಿನಲ್ಲಿ ಬಿದ್ದಿದ್ದರೆ ಯಾರೂ ಕೇಳುವುದಿಲ್ಲ ಎಂದು ಮೂರು ವಾರ ಲೆಕ್ಕ ಹಾಕಿತು. ನಾಲ್ಕನೆಯ ವಾರ ಅವರೇ ಬೀರು ತಡವಿ ಪುಸ್ತಕ ತೆಗೆದು ಚೀಲಕ್ಕೆ ಹಾಕಿಕೊಂಡರು.

ಆ ಭಾನುವಾರ ಕಾಫಿ, ನಿಪ್ಪಟ್ಟು ಮುಗಿದು ಎಲ್ಲರೂ ಅವರ ಪ್ರಶ್ನೆಗೆ ಕಾದರು. ಮಹಾಬಲೇಶ್ವರರು ಎದ್ದು ನಿಂತು, ಎಂಟು ತಿಂಗಳಿಂದ ತಾವು ಒಂದು ಸಾಲನ್ನೂ ಓದಿಲ್ಲ ಎಂದರು. ಕಣ್ಣಿನ ಸಂಗತಿ, ಮುನ್ನುಡಿ ಬೆನ್ನುಡಿಯ ಸಂಗತಿ, ಜೇನುಪೆಟ್ಟಿಗೆಯ ಸಂಗತಿ, ಚಿನ್ಮಯಿ ಸುಮ್ಮನೆ ಬೈಸಿಕೊಂಡ ಸಂಗತಿ, ಯಾವುದನ್ನೂ ಬಿಡದೆ ಹೇಳಿದರು. ಯಾರೂ ನಗಲಿಲ್ಲ. ವಸುಂಧರಾ ಏನೋ ಸಮಾಧಾನ ಹೇಳಲು ಬಂದದ್ದನ್ನು ಕೈಯೆತ್ತಿ ತಡೆದರು.

"ಚಿನ್ಮಯಿ, ಬಾಮ್ಮ ಇಲ್ಲಿ," ಎಂದು ಪುಸ್ತಕವನ್ನೂ ಪೆನ್ನನ್ನೂ ಮುಂದೆ ಚಾಚಿದರು. "ನನ್ನ ಸಹಿ ಹೊಡೆದುಹಾಕು. ನಾನೇ ಹೊಡೆದುಹಾಕ್ತಿದ್ದೆ, ಎಲ್ಲಿದೆ ಅಂತ ಕಾಣಲ್ಲ."

ಚಿನ್ಮಯಿ ಬಂದಳು. ಬೇಡ ಅಂಕಲ್ ಎನ್ನಲಿಲ್ಲ. ಹಾಗೆಂದಿದ್ದರೆ ಅವರಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ರಟ್ಟಿನ ಮೇಲೆ ಪೆನ್ನು ಒಂದು ಸಲ ಗಟ್ಟಿಯಾಗಿ ಹರಿದ ಸದ್ದು ಅವರಿಗೆ ಕೇಳಿಸಿತು. ಕಾರ್ಖಾನೆಯಲ್ಲಿ ಅವರು ತಿರಸ್ಕರಿಸಿದ ಯಾವ ಡಬ್ಬಿಯೂ ಇಷ್ಟು ನೋವು ಕೊಟ್ಟಿರಲಿಲ್ಲ, ಇಷ್ಟು ನಿರಾಳವನ್ನೂ ಕೊಟ್ಟಿರಲಿಲ್ಲ. ಅವಳು ಪೆನ್ನನ್ನು ಅವರ ಬೆರಳುಗಳ ನಡುವೆ ಇಟ್ಟು ತಿರುಗಿ ಹೊರಟಳು.

"ಕೂತ್ಕೋಮ್ಮ," ಎಂದರು, ಪಕ್ಕದ ಕುರ್ಚಿಯನ್ನು ತಡವಿ ಎಳೆಯುತ್ತ. ಹನ್ನೊಂದು ವರ್ಷದಿಂದ ಈ ಮನೆಯಲ್ಲಿ ಅವರು ಕೇಳುತ್ತ ಬಂದ ಪ್ರಶ್ನೆ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಅದನ್ನು ನುಂಗಿಕೊಂಡು ಕೇಳಿದರು:

"ಈಗ ಏನು ಕೇಳ್ತಾ ಇದೀಯ?"